ಆಡಿ ತಿಂಗಳ ವಿಮಾನಗಳು

ತಪ್ಪು ಕಣ್ಣಿಗೆ ಬಿದ್ದರೆ ತಿದ್ದದೆ ಮುಂದೆ ಹೋಗಲಾರದವರ ಸಣ್ಣದೊಂದು ಪಂಗಡ ಈ ಪ್ರಪಂಚದಲ್ಲಿದೆ. ಆ ಪಂಗಡದವರನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಕರೆದರೂ ಪಕ್ಕದಲ್ಲಿ ಕೂರುವುದಿಲ್ಲ. ನಾನು ಆ ಪಂಗಡದ ಹಳೆಯ ಸದಸ್ಯೆ. ಚಾಮರಾಜನಗರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಬಹುಕಾಲ ಕನ್ನಡ ಬೋಧಿಸಿ, ಅವಧಿಗೆ ಮುಂಚೆಯೇ ನಿವೃತ್ತಿ ಪಡೆದು, ತಮಿಳು ಸೀಮೆಯ ಸೂಲೂರಿನ ಬಳಿ ನಾನು ಹುಟ್ಟಿ ಬೆಳೆದ ನೇಕಾರರ ಬೀದಿಗೆ ಮರಳಿ ಬಂದಿದ್ದೇನೆ. ಇಲ್ಲಿ ನಮ್ಮವರೆಲ್ಲರೂ ಮನೆಯೊಳಗೆ ಕನ್ನಡ ಮಾತನಾಡುತ್ತಾರೆ. ಕನ್ನಡ ಅಕ್ಷರ ಮಾತ್ರ ಬೀದಿಯಲ್ಲಿ ನನ್ನೊಬ್ಬಳಿಗೇ ಬರುತ್ತದೆ. ಹೀಗಾಗಿ ನನ್ನ ಕೆಂಪು ಮಸಿಯ ಲೇಖನಿಗೆ ಊರಿನಲ್ಲಿ ಉದ್ಯೋಗವಿಲ್ಲದಂತಾಯಿತು. ತಿದ್ದಲು ಬರಹವೇ ಸಿಗದಿದ್ದಾಗ ಜನ ಆಡುವ ಮಾತಿನ ಸತ್ಯಾಸತ್ಯಗಳನ್ನು ತಿದ್ದತೊಡಗಿದೆ. ನಮ್ಮವರು, ಅಂದರೆ ನನ್ನ ಯಜಮಾನರು, ತಿರುಪ್ಪೂರಿನಲ್ಲಿ ನೂಲಿನ ವ್ಯಾಪಾರ ಮಾಡುತ್ತಾರೆ, ಮಾತು ಕಡಿಮೆ. "ಟೀಚರ್, ನೀ ಮಕ್ಕಳಿಗೆ ಪಾಠ ಹೇಳ್ವಾಗ ಮಕ್ಕಳು ಮಾತ್ರ ಹೆದರ್ತಿದ್ರು. ಈಗ ಬೀದಿಯೇ ಹೆದರ್ತದೆ" ಎಂದು ಒಮ್ಮೆ ಹೇಳಿ ಪತ್ರಿಕೆಯ ಹಿಂದೆ ಅಡಗಿದರು.

ಮನೆಯಲ್ಲಿ ವಸ್ತುಗಳು ಕಾಣೆಯಾಗುವ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ. ಕತ್ತರಿ ಮಾಯವಾಯಿತು, ಕನ್ನಡಕ ಮಾಯವಾಯಿತು ಎಂದು ಜನ ಹೇಳುತ್ತಾರೆ. ಯಾವುದೂ ಮಾಯವಾಗುವುದಿಲ್ಲ. ನಾವು ಇಟ್ಟದ್ದು ಒಂದು ಕಡೆ, ಹುಡುಕುತ್ತಿರುವುದು ಇನ್ನೊಂದು ಕಡೆ. ಇದನ್ನು ನಮ್ಮವರಿಗೆ ಎಷ್ಟೋ ಸಲ ವಿವರಿಸಿದ್ದೇನೆ; ಅವರ ಹಣೆಯ ಮೇಲೇರಿ ಕುಳಿತ ಕನ್ನಡಕವನ್ನು ಕೈಯಾರೆ ತೆಗೆದು ತೋರಿಸಿಯೂ ಇದ್ದೇನೆ. ಇಷ್ಟು ಸರಳವಾದ ಈ ಸಿದ್ಧಾಂತವೇ ಕಳೆದ ಆಡಿ ತಿಂಗಳಲ್ಲಿ ನನ್ನನ್ನು ಪೇಚಿಗೆ ಸಿಲುಕಿಸಿತು. ಆಡಿ ಎಂದರೆ ನಿಮ್ಮ ಆಷಾಢಕ್ಕೆ ಹತ್ತಿರದ ತಿಂಗಳು. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ನಮ್ಮ ಕಡೆಯ ತೆಂಗುಗಳನ್ನೆಲ್ಲ ಒಂದೇ ದಿಕ್ಕಿಗೆ ಬಾಗಿಸಿ ನಿಲ್ಲಿಸುವ ಕಾಲ.

ಪೇಚಿನ ಮೂಲ ನನ್ನ ಸೋದರತ್ತೆ. ಹೆಸರು ಚೌಡಮ್ಮ, ನಾವೆಲ್ಲ ಚೌಡತ್ತೆ ಎನ್ನುತ್ತೇವೆ. ತಂದೆಯ ಅಕ್ಕ. ಎಪ್ಪತ್ತು ದಾಟಿದ್ದರೂ ಇಂದಿಗೂ ಗುಣಿಮಗ್ಗದ ಮುಂದೆ ಕಾಲು ಇಳಿಬಿಟ್ಟು ಕೂರುತ್ತಾರೆ. ಬೀದಿಯ ಮಿಕ್ಕ ಮನೆಗಳಲ್ಲಿ ವಿದ್ಯುತ್ ಮಗ್ಗಗಳು ಹಲ್ಲು ಕಡಿಯುತ್ತಿದ್ದರೆ ಅವರ ಮನೆಯಿಂದ ಮಾತ್ರ ಹಳೆಯ ಲಾಳಿಯ ಸದ್ದು ಸಾವಧಾನವಾಗಿ ಕೇಳಿಬರುತ್ತದೆ. ಅವರ ಒಬ್ಬಳೇ ಮಗಳು ಈಶ್ವರಿ ಅಂಡಮಾನಿನಲ್ಲಿದ್ದಾಳೆ. ಗಂಡನಿಗೆ ಅಲ್ಲಿ ಸರ್ಕಾರಿ ಕೆಲಸ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಅವಳಿಗೆ ಹೆಣ್ಣುಮಗು ಹುಟ್ಟಿತು. ಹೆರಿಗೆಗೆ ತವರಿಗೆ ಬರಬೇಕಾದವಳನ್ನು ವೈದ್ಯರು ಪ್ರಯಾಣ ಕೂಡದೆಂದು ಅಲ್ಲಿಯೇ ನಿಲ್ಲಿಸಿದ್ದರು. ಈಗ ಅಜ್ಜಿಯೇ ಹೋಗಬೇಕು. ಏಕೆಂದರೆ ನಮ್ಮ ಮನೆತನಗಳಲ್ಲಿ ಮಗುವನ್ನು ಮೊದಲು ಮಲಗಿಸುವ ತೂಳಿ, ಅಂದರೆ ಸೀರೆಯನ್ನು ತೊಲೆಗೆ ಕಟ್ಟಿ ಮಾಡುವ ಜೋಲಿ, ತಾಯಿಯ ತವರಿನ ಮಗ್ಗದಲ್ಲಿ ನೇಯ್ದದ್ದೇ ಆಗಬೇಕು. ಅದರ ಗಂಟನ್ನು ತಾಯಿಯ ತಾಯಿಯೇ ಹಾಕಬೇಕು. ಸೀರೆಯನ್ನು ಅಂಚೆಯಲ್ಲಿ ಕಳುಹಿಸಬಹುದು. ಗಂಟನ್ನು ಕಳುಹಿಸಲಾಗದು.

ಅತ್ತೆ ಸೀರೆಯನ್ನೇನೋ ಮಗ್ಗಕ್ಕೆ ಏರಿಸಿದರು. ಆದರೆ ವಿಮಾನ ಹತ್ತುವುದಿಲ್ಲ ಎಂದರು. ಅಳಿಯ ಕಳೆದ ಪೊಂಗಲಿಗೆ ಕೊಡಿಸಿದ ಮೊಬೈಲು ಇದಕ್ಕೆ ಕಾರಣ. ಅದರೊಳಗೆ ಒಬ್ಬಾತ, ಮುಖ ತೋರಿಸದೆ, ಡಮರು ಬಾರಿಸಿದಂತಹ ಹಿನ್ನೆಲೆ ಸದ್ದಿನ ನಡುವೆ, ಸಮುದ್ರದ ಮೇಲೆ ಮಾಯವಾದ ವಿಮಾನಗಳ ಕಥೆಯನ್ನು ತಮಿಳಿನಲ್ಲಿ ನಡುಗುವ ದನಿಯಿಂದ ಹೇಳುತ್ತಿದ್ದ. ಒಂದು ಕಥೆ ಮುಗಿದರೆ ಮೊಬೈಲು ತಾನಾಗಿಯೇ ಇನ್ನೊಂದನ್ನು ಬಡಿಸುತ್ತಿತ್ತು. ಅತ್ತೆ ಬೇಡವೆನ್ನಲು ತಿಳಿಯದೆ ಎಲ್ಲವನ್ನೂ ಉಂಡಿದ್ದರು.

"ನಾ ಬರಾದಿಲ್ಲ ಕಣ್ಣು" ಎಂದರು, ನಾನು ಹೋಗಿ ಕೂತ ಕೂಡಲೇ. ನಮ್ಮ ಕಡೆ ಪ್ರೀತಿ ಬಂದರೆ ಎಲ್ಲರೂ ಕಣ್ಣೇ. "ಸಮುದ್ರದಾಗ ಒಂದು ಮುಕ್ಕೋಣ ಅದಂತೆ. ಮೇಲೆ ಹೋಗಾ ವಿಮಾನವ ಹಂಗೇ ನುಂಗ್ತದಂತೆ. ಒಂದು ಬೋಲ್ಟೂ ಸಿಕ್ಕಾದಿಲ್ಲವಂತೆ."

"ಅತ್ತೆ, ಅದು ತ್ರಿಕೋನ. ಅದೂ ಭೂಮಿಯ ಆ ಕಡೆಯ ಸಮುದ್ರದಲ್ಲಿದೆ. ನಾವು ಹೋಗುವುದು ಬಂಗಾಳ ಕೊಲ್ಲಿಯ ಮೇಲೆ."

"ಸಮುದ್ರ ಎಲ್ಲಾ ಒಂದೇ ನೀರು ತಾನೆ? ಆ ಕಡೆ ಇದ್ದದ್ದು ಈ ಕಡೆ ಬರಾದು ಎಷ್ಟು ಹೊತ್ತು?"

ಹಡಗಿನಲ್ಲಿ ಹೋಗೋಣವೆಂದರೆ ಮೊಬೈಲಿನವನು ಹಡಗುಗಳನ್ನೂ ಬಿಟ್ಟಿರಲಿಲ್ಲ. ಅತ್ತ ಈಶ್ವರಿ ಫೋನಿನಲ್ಲಿ ಪಟ್ಟು ಹಿಡಿದಿದ್ದಳು. "ಅಮ್ಮಾ, ನೀ ಬರಾ ತನಕ ನಾ ತೂಳಿ ಕಟ್ಟಾದಿಲ್ಲ. ಪಾಪು ನನ್ನ ಮಡಿಲಾಗೇ ಮಲಗ್ಲಿ. ನನ್ನ ಸೊಂಟ ಮುರಿದ್ರೂ ಪರವಾಗಿಲ್ಲ" ಎಂದು ಅತ್ತಳು. ಫೋನು ಇಟ್ಟ ಮೇಲೆ ಅತ್ತೆ ಬಹಳ ಹೊತ್ತು ಮಗ್ಗವನ್ನು ಮುಟ್ಟಲಿಲ್ಲ. ಆಗ ಸಂಸಾರದ ಹಿರಿಯರೆಲ್ಲ ಸೇರಿ ಒಂದು ತೀರ್ಮಾನಕ್ಕೆ ಬಂದರು: ಅತ್ತೆಯ ಭಯವನ್ನು ನಾನು ತೆಗೆಯಬೇಕು, ತೆಗೆದ ಮೇಲೆ ಜೊತೆಗೂ ಹೋಗಬೇಕು. ಕೆಲಸವಿಲ್ಲದವಳು ಬೀದಿಯಲ್ಲಿ ನಾನೊಬ್ಬಳೇ ಎಂಬುದು ಕಾರಣ. ಇದರಲ್ಲಿ ಬೀದಿಗೆ ಒಂದಷ್ಟು ದಿನ ವಿರಾಮ ದೊರಕುವ ಆಸೆಯೂ ಇತ್ತೆಂದು ಈಗ ಅನ್ನಿಸುತ್ತದೆ.

ನಾನು ಯಾವುದನ್ನೂ ಸಿದ್ಧತೆಯಿಲ್ಲದೆ ಮಾಡುವವಳಲ್ಲ. ಪೆಟ್ಟಿಗೆಯಿಂದ ಹಳೆಯ ಭೂಗೋಳವನ್ನು ತೆಗೆದು ಧೂಳು ಒರೆಸಿದೆ. ಗ್ರಂಥಾಲಯಕ್ಕೆ ಹೋಗಿ ಓದಿದೆ. ಗೋಡೆಗೆ ಒರಗಿಸುವ ಚಿಕ್ಕ ಕರಿಹಲಗೆಯನ್ನು ಹೊತ್ತು, ಸೀಮೆಸುಣ್ಣ ಹಿಡಿದು, ಒಂದು ಭಾನುವಾರ ಬೆಳಿಗ್ಗೆ ಅತ್ತೆಯ ಮನೆಯ ಜಗಲಿಗೆ ಹೋದೆ. ಹಲಗೆಯ ನಡುವೆ ಗೆರೆ ಎಳೆದು ಎಡಕ್ಕೆ 'ಮಿಥ್ಯೆ' ಎಂದೂ ಬಲಕ್ಕೆ 'ತಥ್ಯ' ಎಂದೂ ದುಂಡಗೆ ಬರೆದೆ. ನೆರೆಹೊರೆಯ ಹೆಂಗಸರು ಸೊಪ್ಪು ಬಿಡಿಸುವ ಮೊರಗಳೊಂದಿಗೆ ಬಂದು ಕುಳಿತರು. ಬರೆದದ್ದನ್ನು ಯಾರೂ ಓದಲಾರರು ಎಂಬುದು ನೆನಪಾದದ್ದು ಬರೆದು ಮುಗಿದ ಮೇಲೆ. ಆದರೂ ಅಳಿಸಲಿಲ್ಲ, ಅಕ್ಷರಗಳು ಚೆನ್ನಾಗಿ ಬಂದಿದ್ದವು.

ಪಾಠ ಚೆನ್ನಾಗಿಯೇ ಸಾಗಿತು. ಆ ತ್ರಿಕೋನದ ಮೇಲೆ ಪ್ರತಿದಿನವೂ ಲೆಕ್ಕವಿಲ್ಲದಷ್ಟು ವಿಮಾನಗಳು ಹಾಯ್ದು ಕ್ಷೇಮವಾಗಿ ಇಳಿಯುತ್ತವೆ. ಸಂಚಾರ ಹೆಚ್ಚಿರುವ ಬೇರೆ ಸಮುದ್ರಗಳಿಗಿಂತ ಅಲ್ಲಿ ಅಪಾಯ ಹೆಚ್ಚೇನಿಲ್ಲ ಎಂದೆ. ರೇಡಾರಿನಿಂದ ವಿಮಾನ ಮರೆಯಾಯಿತು ಎಂದರೆ ಅದನ್ನು ಭೂತ ಎತ್ತಿಕೊಂಡು ಹೋಯಿತೆಂದಲ್ಲ. ನೆಲದ ಮೇಲಿನ ರೇಡಾರು ನೇರವಾಗಿ ನೋಡುತ್ತದೆ, ಭೂಮಿ ಗುಂಡಗಿದೆ, ದಡದಿಂದ ದೂರ ಹೋದದ್ದು ಅದಕ್ಕೆ ಕಾಣದು ಎಂದು ಭೂಗೋಳದ ಮೇಲೆ ಒಂದು ಹುಣಿಸೆ ಬೀಜವನ್ನು ಸರಿಸಿ ತೋರಿಸಿದೆ. ಅಲ್ಲಿಂದ ಮುಂದೆ ರೇಡಿಯೋ ಇದೆ, ಆಕಾಶದಲ್ಲಿ ಉಪಗ್ರಹಗಳಿವೆ ಎಂದೆ. ಹೆಂಗಸರು ತಲೆದೂಗಿದರು. ಆ ಉತ್ಸಾಹದಲ್ಲಿ ಕಪ್ಪು ಪೆಟ್ಟಿಗೆಯ ವಿಷಯಕ್ಕೆ ಬಂದೆ. ಅಪಘಾತವಾದರೆ ಕಾರಣ ತಿಳಿಸುವ ಆ ಪೆಟ್ಟಿಗೆ ಹೆಸರಿಗೆ ಕಪ್ಪು, ಬಣ್ಣ ಕಿತ್ತಳೆ ಎಂದೆ.

"ಕಿತ್ತಳೆ ಬಣ್ಣದ್ದಕ್ಕೆ ಕಪ್ಪು ಅಂತ ಹೆಸರು ಇಟ್ಟವ್ರ ನಂಬಿ ನಾ ಹತ್ಬೇಕಾ?" ಎಂದರು ಅತ್ತೆ. ಬಣ್ಣದ ನೂಲಿನ ನಡುವೆ ಬಾಳಿದವರಿಗೆ ಇದು ಸಣ್ಣ ತಪ್ಪಲ್ಲ.

"ನೀರಿಗೆ ಬಿದ್ದರೆ ಅದು ಒಂದು ತಿಂಗಳಾದರೂ ಸದ್ದು ಮಾಡುತ್ತಲೇ ಇರುತ್ತದೆ ಅತ್ತೆ. ಹುಡುಕುವವರಿಗೆ ಕೇಳಲಿ ಎಂದು."

"ಅಯ್ಯೋ ಪಾಪ. ಅಷ್ಟು ದಿನ ಕೂಗ್ತದಾ?" ಎಂದು ಅತ್ತೆ ಸೆರಗನ್ನು ಬಾಯಿಗೆ ಹಿಡಿದರು. ಸೊಪ್ಪು ಬಿಡಿಸುತ್ತಿದ್ದ ಕೈಗಳೆಲ್ಲ ನಿಂತವು. "ಕೂಗಿದ್ದು ಕೇಳಿ ಎಲ್ಲಾವ್ನೂ ಕಂಡುಹಿಡಿದ್ರಾ ಕಣ್ಣು? ಸಿಗದೇ ಇದ್ದದ್ದು ಒಂದೂ ಇಲ್ಲವಾ?"

ಇಲ್ಲ ಎನ್ನಬಹುದಿತ್ತು. ಇಡೀ ಜಗಲಿ ಅದನ್ನೇ ಬಯಸುತ್ತಿತ್ತು; ಬಾಗಿಲಲ್ಲಿ ನಿಂತ ನಮ್ಮವರು ಕಣ್ಣಿನಲ್ಲೇ ಹಾಗೆ ಹೇಳಿಕೊಡುತ್ತಿದ್ದರು. ಆದರೆ ಜೀವಮಾನವಿಡೀ ಬೇರೆಯವರ ತಪ್ಪಿಗೆ ಅಂಕ ಕಳೆದವಳು ನಾನು. "ಬಹುತೇಕ ಎಲ್ಲವೂ ಸಿಕ್ಕಿವೆ. ಕೆಲವು ಸಿಕ್ಕಿಲ್ಲ. ಸಮುದ್ರ ಬಹಳ ದೊಡ್ಡದು, ಬಹಳ ಆಳ. ಅದು ಮಾಯವಲ್ಲ, ಹುಡುಕಾಟಕ್ಕೆ ಎಟುಕಿಲ್ಲ ಅಷ್ಟೇ" ಎಂದೆ. ವಾಕ್ಯ ನಿರ್ದುಷ್ಟವಾಗಿತ್ತು. ಅತ್ತೆ ಎದ್ದು ಒಳಗೆ ಹೋದರು.

ದಾರಿಯಲ್ಲಿ ನಮ್ಮವರು ಕರಿಹಲಗೆಯನ್ನು ಹೊತ್ತು ಹಿಂದೆ ಬರುತ್ತಿದ್ದರು. "ಟೀಚರ್, ಇನ್ನೊಂದು ಪಾಠ ಮಾಡಿದ್ರೆ ಅವ್ರು ಬಸ್ಸೂ ಹತ್ತಾದಿಲ್ಲ" ಎಂದರು.

ಆ ಸೋಲು ನನ್ನನ್ನು ಬಹಳ ಕಾಡಿತು. ಅದರಲ್ಲೂ ಕಾಡಿದ್ದು ಇದು: ಹೋದ ವಿಮಾನ ತಿರುಗಿ ಬಂದೇ ಬರುತ್ತದೆ ಎಂದು ನನಗೆ ಮೊದಲು ಹೇಳಿಕೊಟ್ಟವರು ಈ ಚೌಡತ್ತೆಯೇ. ಇದನ್ನು ಹೇಳಬೇಕಾದರೆ ನಿಮ್ಮನ್ನು ನನ್ನ ಬಾಲ್ಯದ ಬೀದಿಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಆಗ ಬೆಳಗಾದರೆ ಬೀದಿಯ ಉದ್ದಕ್ಕೂ ಹಾಸು ನೂಲನ್ನು ಬಿಗಿದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಗಂಜಿಯ ಹುಳಿ ವಾಸನೆ, ಕುಂಚದ ಸರಸರ ಸದ್ದು, ನೂಲಿನ ಮೇಲೆ ಬೀಳುವ ಎಳೆ ಬಿಸಿಲು. ನಮ್ಮ ಹಳ್ಳಿ ಸೂಲೂರಿನ ವಾಯುಪಡೆಯ ನಿಲ್ದಾಣಕ್ಕೆ ನೈಋತ್ಯದಲ್ಲಿದೆ. ವಿಮಾನಗಳು ತಲೆಯ ಮೇಲೆಯೇ ಹೋಗುತ್ತಿದ್ದವು. ವಿಮಾನದ ಸದ್ದು ಬಂದೊಡನೆ ಅತ್ತೆ ಮಗ್ಗವನ್ನು ನಿಲ್ಲಿಸುತ್ತಿದ್ದರು. ಮಗ್ಗದ ಸದ್ದು ಕಿವಿಗೆ ಬೀಳದಿದ್ದರೆ ಅವರ ಕೈಗೂ ಕಾಲಿಗೂ ಹೊಂದಿಕೆ ತಪ್ಪುತ್ತಿತ್ತು, ಅಷ್ಟೇ ಕಾರಣ. ನಾವು ಮಕ್ಕಳು ಮಾತ್ರ ಅದನ್ನು ವಿಮಾನಕ್ಕೆ ಸಲ್ಲಿಸುವ ಮರ್ಯಾದೆ ಎಂದು ತಿಳಿದು, ನಮ್ಮ ಆಟವನ್ನೂ ನಿಲ್ಲಿಸಿ ನೆಟ್ಟಗೆ ನಿಲ್ಲುತ್ತಿದ್ದೆವು. ಅಲುಗಾಡಿದವರನ್ನು ಗದರಿಸುವ ಕೆಲಸ ಆಗಲೇ ನನ್ನದಾಗಿತ್ತು.

ಆಡಿಯ ಗಾಳಿ ಬೀಸುವ ದಿನಗಳಲ್ಲಿ ಒಂದು ವಿಚಿತ್ರವನ್ನು ಕಂಡುಹಿಡಿದವಳೂ ನಾನೇ. ವಿಮಾನಗಳು ಹೋಗುತ್ತಿದ್ದವು. ಹೋದವು ತಿರುಗಿ ಬರುತ್ತಿರಲಿಲ್ಲ. ದಿನವಿಡೀ ಕಾದರೂ ಒಂದೂ ಬರುತ್ತಿರಲಿಲ್ಲ. ಗಾಬರಿಯಿಂದ ಓಡಿಹೋಗಿ ಅತ್ತೆಯನ್ನು ಕೇಳಿದೆ. ಅವರು ಕಡಿದ ಎಳೆಯೊಂದನ್ನು ಗಂಟು ಹಾಕುತ್ತಿದ್ದರು. ತಲೆ ಎತ್ತಲೇ ಇಲ್ಲ.

"ಆಡಿ ತಾನೆ ಕಣ್ಣು? ತವರಿಗೆ ಹೋಗ್ಯವೆ. ತೈಗೆ ಬರ್ತವೆ."

ಆಡಿಯಲ್ಲಿ ಹೊಸ ಮದುವೆಯ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಆ ವರ್ಷ ಬೀದಿಯ ಸೊಸೆಯರಿಬ್ಬರು ಹೋಗಿದ್ದರು. ಹಾಗಿರುವಾಗ ವಿಮಾನ ಹೋದದ್ದರಲ್ಲಿ ತಪ್ಪೇನು? ನನಗೆ ಪೂರ್ಣ ಸಮಾಧಾನವಾಯಿತು. ಆಶ್ಚರ್ಯವೆಂದರೆ, ಪೊಂಗಲಿನ ತೈ ತಿಂಗಳು ಬಂದಾಗ ವಿಮಾನಗಳು ನಿಜವಾಗಿಯೂ ಬಂದವು! ಒಂದರ ಹಿಂದೊಂದು, ಬಹಳ ಕೆಳಗೆ, ದಪ್ಪ ಹೊಟ್ಟೆ ಹೊತ್ತುಕೊಂಡು ಬಂದವು. ಆ ದಿನಗಳಲ್ಲಿ ಒಂದೂ ಹೋಗಲಿಲ್ಲ, ಎಲ್ಲವೂ ಬಂದವೇ. ತವರಿನಿಂದ ಹೊಟ್ಟೆ ತುಂಬ ಪಣಿಯಾರ ಕಟ್ಟಿಕೊಂಡು ಬಂದಿವೆ ಎಂದು ನಾವು ಕಿರುಚುತ್ತ ಬೀದಿಯ ಕೊನೆಯವರೆಗೆ ಓಡಿದೆವು. ಹಾಸಿನ ನೂಲಿಗೆ ಕಾಲು ತಗಲಿಸಿ ಬೈಸಿಕೊಂಡೆವು.

ಎಷ್ಟೋ ವರ್ಷಗಳ ಮೇಲೆ, ನಾನು ಉಪಾಧ್ಯಾಯಿನಿಯಾದ ಮೇಲೆ, ಶಾಲೆಯ ವಿಜ್ಞಾನದ ಮೇಷ್ಟರು ನಿಜ ಹೇಳಿದರು. ವಿಮಾನಗಳು ಗಾಳಿಗೆ ಎದುರಾಗಿ ಏರುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಪಡುವಣ ಗಾಳಿ ಬೀಸುವಾಗ ನಮ್ಮ ಬೀದಿಯ ಮೇಲೆ ಏರುತ್ತವೆ, ನಿಲ್ದಾಣದ ಆಚೆ ಬದಿಯಿಂದ ಇಳಿಯುತ್ತವೆ; ಗಾಳಿ ತಿರುಗಿದ ಕಾಲದಲ್ಲಿ ಆಚೆ ಏರಿ ಈಚೆ ಇಳಿಯುತ್ತವೆ. ಅಂದರೆ ಆಡಿಯಲ್ಲಿ ಹೋದ ವಿಮಾನ ಅದೇ ಸಂಜೆ ಬಂದಿರುತ್ತಿತ್ತು. ನಾವು ನೋಡುತ್ತಿದ್ದ ಕಡೆಯಿಂದ ಬರುತ್ತಿರಲಿಲ್ಲ, ಅಷ್ಟೇ. ನನ್ನ ಕತ್ತರಿ, ಕನ್ನಡಕಗಳ ಸಿದ್ಧಾಂತ ಅಲ್ಲಿಂದಲೇ ಹುಟ್ಟಿದ್ದು. ಆದರೂ ಆ ದಿನ ಮೇಷ್ಟರ ಮೇಲೆ ನನಗೆ ಸಿಟ್ಟು ಬಂದಿತ್ತು. ಏಕೆಂದು ಅವರಿಗೂ ತಿಳಿಯಲಿಲ್ಲ.

ಪಾಠ ಸೋತ ಮೂರ್ನಾಲ್ಕು ದಿನಗಳ ಮೇಲೆ ಅತ್ತೆ ನನ್ನನ್ನು ಕರೆಸಿದರು. ಹೋದಾಗ ತೂಳಿಯ ಸೀರೆಯ ಕೊನೆಯ ಗೇಣನ್ನು ನೇಯುತ್ತಿದ್ದರು. ಅರಿಶಿನದ ಬಣ್ಣ, ಕೆಂಪು ಅಂಚು. ಮಗುವಿನ ಮೈಗೆ ಒತ್ತದಂತೆ ಜರಿ ಇಲ್ಲದೆ, ಮೆತ್ತಗೆ.

"ನೀ ತಗೊಂಡು ಹೋಗು. ಗಂಟು ನೀನೇ ಹಾಕು. ನೀ ಏನು ಬೇರೆಯವಳಾ?" ಎಂದರು.

"ನಾನು ಹಾಕಿದರೆ ಈಶ್ವರಿ ಬಿಚ್ಚಿ ನೆಲಕ್ಕೆ ಹಾಸುತ್ತಾಳೆ ಅತ್ತೆ."

"ಹಟಮಾರಿ ಮುಂಡೇದು" ಎಂದು ಮಗಳನ್ನು ಬೈದು ಕಣ್ಣೊರೆಸಿಕೊಂಡರು. ಆ ಹೊತ್ತಿಗೆ ಸೂಲೂರಿನ ಕಡೆಯಿಂದ ಸದ್ದು ಎದ್ದಿತು. ಮಾಡಿನ ಹೆಂಚುಗಳು ಗುಂಯ್ ಎಂದವು. ಅತ್ತೆಯ ಕೈ ತಾನಾಗಿ ನಿಂತಿತು. ಇಬ್ಬರೂ ಮೇಲೆ ನೋಡಿದೆವು, ಮಾಡಿನ ಆಚೆ ಏನೂ ಕಾಣದಿದ್ದರೂ. ಸದ್ದು ಪಡುವಣಕ್ಕೆ ಸರಿದು ತೆಳುವಾಯಿತು.

"ತವರಿಗೆ ಹೋಗ್ತದೆ" ಎಂದರು ಅತ್ತೆ, ಎಂದಿನ ಅಭ್ಯಾಸದಲ್ಲಿ.

ನನ್ನ ನಾಲಗೆಯ ತುದಿಯಲ್ಲಿ ಗಾಳಿಯ ದಿಕ್ಕು, ಓಡುದಾರಿ, ಏರುವಿಕೆ, ಇಳಿಯುವಿಕೆ ಎಲ್ಲವೂ ಸಾಲಾಗಿ ಬಂದು ನಿಂತಿದ್ದವು. ಅತ್ತೆ ಲಾಳಿಯನ್ನು ಕೈಯಲ್ಲೇ ಹಿಡಿದು ಕುಳಿತಿದ್ದರು. "ಎಲ್ಲಾರೂ ಆಡಿಗೆ ತವರಿಗೆ ಹೋಗ್ತಾರೆ. ಈಶ್ವರಿಗೆ ಮಾತ್ರ ಈ ಸಾರ್ತಿ ತವರಿಲ್ಲ" ಎಂದರು. ನನ್ನ ಮುಖ ನೋಡದೆ ಕೇಳಿದರು: "ಅವಳ ಡಾಕ್ಟ್ರು ಕಳ್ಸಾದಿಲ್ಲ ಅಂದ್ರೆ, ತವರು ತಾನೆ ಎದ್ದು ಹೋಗ್ಬೇಕು? ಹೇಳು ಟೀಚರಮ್ಮ."

ಸಾಲಾಗಿ ನಿಂತಿದ್ದ ವಾಕ್ಯಗಳನ್ನೆಲ್ಲ ನುಂಗಿ "ಹೌದು ಅತ್ತೆ" ಎಂದೆ.

"ನೀ ಜೊತೆಗೆ ಬರ್ತೀಯ ತಾನೆ?"

"ಬರ್ತೇನೆ."

"ಆಗ ಸರಿ. ಮಾಯ ಆದ್ರೂ ಬೀದಿಗೆ ನೆಮ್ಮದಿ" ಎಂದು ಲಾಳಿ ಎಸೆದರು.

ಚೆನ್ನೈನಿಂದ ಬೆಳಿಗ್ಗೆ ಹೊರಟ ವಿಮಾನದಲ್ಲಿ ಅತ್ತೆಗೆ ಕಿಟಕಿ ಸಿಕ್ಕಿತು. ದಡ ಹಿಂದೆ ಸರಿದು, ಕೆಳಗೆ ನೀರು ಮಾತ್ರ ಉಳಿದಾಗ ನನಗೆ ಒಂದು ಸಂಗತಿ ಅರಿವಾಯಿತು. ಪಾಠ ಕೇಳಿದವರು ಮರೆಯುತ್ತಾರೆ, ಪಾಠ ಮಾಡಿದವರಿಗೆ ನೆನಪಿರುತ್ತದೆ. ಭೂಗೋಳದ ಮೇಲೆ ಹುಣಿಸೆ ಬೀಜ ಎಲ್ಲಿ ಮರೆಗೆ ಸರಿದಿತ್ತೋ ಅಲ್ಲಿಗೆ ನಾವು ಬಂದಿದ್ದೆವು. ಕಿತ್ತಳೆ ಬಣ್ಣದ ಪೆಟ್ಟಿಗೆ ಹಿಂಭಾಗದಲ್ಲಿ ಎಲ್ಲಿರಬಹುದೆಂದು ಎರಡು ಸಲ ತಿರುಗಿ ನೋಡಿದೆ. ಅದರ ಸದ್ದು ಹೇಗಿರಬಹುದು, ಮೀನುಗಳಿಗೆ ಕೇಳಿಸುತ್ತದೆಯೇ ಎಂದೆಲ್ಲ ಯೋಚನೆ ಬರತೊಡಗಿತು. ಒಮ್ಮೆ ವಿಮಾನ ಮೋಡದಲ್ಲಿ ಕುಲುಕಿತು. ನನ್ನ ಕೈ ಯಾವುದನ್ನೋ ಬಲವಾಗಿ ಹಿಡಿದುಕೊಂಡಿತು. ನೋಡಿದರೆ ಅದು ಅತ್ತೆಯ ಮಣಿಕಟ್ಟು.

"ಈಗ ಆ ರೇಡಾರಿಗೆ ನಾವು ಕಾಣ್ತೀವಾ ಕಣ್ಣು?"

"ದಡದ ರೇಡಾರಿಗೆ ಕಾಣುವುದಿಲ್ಲ ಅತ್ತೆ. ಆದರೆ ಉಪಗ್ರಹಗಳು…"

"ಅಂದ್ರೆ ನಾವು ಈಗ ಮಾಯ" ಎಂದು ಅತ್ತೆ ಬಾಯಿ ತುಂಬ ನಕ್ಕರು. ಗಗನಸಖಿ ಬಟ್ಟಲು ಚಾಚಿದಾಗ ಎರಡು ಕೈಯಲ್ಲಿ ತೆಗೆದುಕೊಳ್ಳಲು ಹೋಗಿ, ಒಂದು ಕೈ ನನ್ನ ಹಿಡಿತದಲ್ಲಿದ್ದದ್ದರಿಂದ, ಇನ್ನೊಂದರಲ್ಲಿ ಹಿಡಿದರು. "ಮಾಯ ಆದವ್ರಿಗೂ ಕಾಪಿ ಕೊಡ್ತಾರೆ. ಪರವಾಗಿಲ್ಲ, ಒಳ್ಳೇ ಜನ."

ಕಾಫಿ ಮುಗಿದ ಮೇಲೆ ಆ ಕೈಯನ್ನು ಮಡಿಲಲ್ಲಿದ್ದ ತೂಳಿಯ ಸೀರೆಯ ಮೇಲಿಟ್ಟು ಸುಮ್ಮನೆ ಕುಳಿತರು. ವಿಮಾನದ ಸದ್ದು ಇರುವ ತನಕ ಕೈ ನಿಲ್ಲಿಸುವುದು ಅವರ ಅಭ್ಯಾಸವಲ್ಲವೇ? ದಾರಿಯುದ್ದಕ್ಕೂ ಸದ್ದು ನಿಲ್ಲಲಿಲ್ಲ. ಚೌಡತ್ತೆಯ ಕೈಗಳು ಅಷ್ಟು ಹೊತ್ತು ಕೆಲಸವಿಲ್ಲದೆ ಇದ್ದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಗಂಜಿಯಿಂದ ಒರಟಾದ ಆ ಬೆರಳುಗಳನ್ನು ನೋಡುತ್ತ ನನ್ನ ಭಯವೂ ಸ್ವಲ್ಪ ಕುಳಿತುಕೊಂಡಿತು. ಸ್ವಲ್ಪ ಮಾತ್ರ; ಹಿಡಿತ ಬಿಡಲಿಲ್ಲ.

ಅಂಡಮಾನಿನ ಆ ಮನೆಗೆ ತೊಲೆ ಇರಲಿಲ್ಲ, ಕಾಂಕ್ರೀಟಿನ ಮಾಳಿಗೆಯಲ್ಲಿ ಒಂದು ಕೊಕ್ಕೆ ಮಾತ್ರ ಇತ್ತು. ಅತ್ತೆ ಸ್ಟೂಲಿನ ಮೇಲೆ ಹತ್ತಿ ಗಂಟು ಹಾಕಿ, ಜಗ್ಗಿ ನೋಡಿ, ಮತ್ತೊಮ್ಮೆ ಜಗ್ಗಿ ನೋಡಿ, ಮೊಮ್ಮಗಳನ್ನು ಮಲಗಿಸಿದರು. ಮಗು ತೂಳಿಯೊಳಗೆ ಮುಳುಗಿ ಕಾಣದಾಯಿತು. ಒಂದು ಪುಟ್ಟ ಪಾದ ಮಾತ್ರ ಹೊರಗಿತ್ತು. "ನೋಡಮ್ಮಾ, ನಿನ್ನ ಮೊಮ್ಮಗಳೂ ಮಾಯ ಆದ್ಲು" ಎಂದಳು ಈಶ್ವರಿ, ಅಳುತ್ತ ನಗುತ್ತ. ಅವಳು ಸೊಂಟ ನೆಟ್ಟಗೆ ಮಾಡಿ ಮಲಗಿ, ಸಂಜೆಯವರೆಗೆ ನಿದ್ದೆ ಹೋದಳು.

ಆಡಿ ಕಳೆದು ಮರುತಿಂಗಳು ಆವಣಿಯಲ್ಲಿ ನಾವು ಊರಿಗೆ ಮರಳಿದೆವು. ಮರುದಿನವೇ ಜಗಲಿಯ ಮೇಲೆ ಮೊರಗಳು ಸೇರಿದವು. ಈ ಸಲ ಪಾಠ ಮಾಡಿದವರು ಚೌಡತ್ತೆ. ರೇಡಾರು ಮನುಷ್ಯರ ಹಾಗೆ, ವಯಸ್ಸಾದರೆ ದೂರದ್ದು ಕಾಣುವುದಿಲ್ಲ ಎಂದರು. ಮೀನುಗಳು ಹೆದರಲಿ ಎಂದು ಪೆಟ್ಟಿಗೆಗೆ ಕಿತ್ತಳೆ ಬಣ್ಣ ಹಚ್ಚುತ್ತಾರೆ ಎಂದರು. ಸಮುದ್ರದ ಮೇಲೆ ಹೋಗುವ ವಿಮಾನಗಳೆಲ್ಲ ಸ್ವಲ್ಪ ಹೊತ್ತು ಮಾಯವಾಗಿಯೇ ಆಗುತ್ತವೆ, ಆ ಹೊತ್ತಿನಲ್ಲಿಯೇ ಕಾಫಿ ಕೊಡುವುದು ಎಂದರು. ಒಂದೊಂದು ಮಾತಿಗೂ ನನ್ನ ಕೈ ಇಲ್ಲದ ಲೇಖನಿಯನ್ನು ಹುಡುಕುತ್ತಿತ್ತು. ಬಾಯಿ ತೆರೆದೇ ಬಿಟ್ಟೆ. ಅಷ್ಟರಲ್ಲಿ ಯಾರೋ ಕೇಳಿದರು: "ಭಯ ಆಗಿಲ್ಲವಾ ಚೌಡಕ್ಕ?"

ಅತ್ತೆ ಒಮ್ಮೆ ನನ್ನ ಕಡೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ನಮ್ಮವರೂ ನೋಡಿದರು.

"ಆಗದೆ ಏನು? ನಡುಗಿಹೋದೆ. ಪಾಪ, ನಮ್ಮ ಟೀಚರಮ್ಮ ದಾರಿ ಪೂರಾ ನನ್ನ ಕೈ ಗಟ್ಟಿಯಾಗಿ ಹಿಡಿದು ಧೈರ್ಯ ಹೇಳ್ತಾ ಬಂದ್ಲು. ಓದಿದವ್ರು ಓದಿದವ್ರೇ!"

ಹೆಂಗಸರೆಲ್ಲ ನನ್ನತ್ತ ಮೆಚ್ಚುಗೆಯಿಂದ ತಿರುಗಿದರು. ಅಂದಿನ ಪಾಠದಲ್ಲಿ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿರಲಿಲ್ಲ. ಅತ್ತೆಯ ಮಣಿಕಟ್ಟಿನ ಮೇಲೆ ನನ್ನ ಉಗುರಿನ ಗುರುತು ಬಿದ್ದಿತ್ತೆಂಬುದನ್ನು ನಾನೇ ಕಣ್ಣಾರೆ ಕಂಡವಳು. ತೆರೆದ ಬಾಯಿಯನ್ನು ಮೆಲ್ಲನೆ ಮುಚ್ಚಿ, ಪಕ್ಕದವರ ಮೊರದಿಂದ ಒಂದು ಹಿಡಿ ಸೊಪ್ಪು ಎಳೆದುಕೊಂಡು ಬಿಡಿಸತೊಡಗಿದೆ.